ಯಾಕೆ ಸತ್ತ ಅಂತ ಕೇಳಬೇಡಿ, ಕಾಗದ ಕೇಳಿ

ರಾಷ್ಟ್ರಪತಿಗಳಿಗೆ ಒಂದು ಪ್ರತಿ. ಪ್ರಧಾನಿಗೆ ಒಂದು. ರಕ್ಷಣಾ ಮಂತ್ರಿ, ಮುಖ್ಯಮಂತ್ರಿ, ಸಂಸದರು, ಡಿಸಿ, ಎಸ್‌ಪಿ. ಕೊನೆಗೆ ನ್ಯೂಯಾರ್ಕ್‌ನ ವಿಶ್ವಸಂಸ್ಥೆಗೂ ಒಂದು ರಿಜಿಸ್ಟರ್ಡ್ ಪೋಸ್ಟ್. ವಿಶ್ವಸಂಸ್ಥೆಯ ಶಾಂತಿಪಾಲನೆಗೆ ಹೋದ ಸೈನಿಕ ಮಗನನ್ನು ಪರದೇಶದಲ್ಲಿ ಕಳೆದುಕೊಂಡ ಮನೆಯವರು ನನ್ನ ಆಫೀಸಿಗೆ ಬರುವ ಹೊತ್ತಿಗೆ ಇಷ್ಟೆಲ್ಲ ಆಗಿ ಹೋಗಿರುತ್ತದೆ. ಪೋಸ್ಟಿನ ರಸೀದಿಗಳಿಗೆ ನೀಟಾಗಿ ಪಿನ್ ಹೊಡೆದು ತಂದಿರುತ್ತಾರೆ. "ರೆಕಾರ್ಡ್ ಆಫೀಸಿಗೆ ಬರೆದಿದ್ದೀರಾ?" ಅಂತ ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಸೈನಿಕನ ಸೇವಾ ದಾಖಲೆಗಳನ್ನು ಇಡುವ ಕಚೇರಿ ಅದು.

ನಾನು ದಾವಣಗೆರೆಯಲ್ಲಿ ವಕೀಲ. ಸೈನಿಕರ ಪಿಂಚಣಿ, ಅವರ ಮನೆಯವರ ತಕರಾರು ನೋಡಿಕೊಂಡು ಬಂದವನು. ಜಗಳೂರು, ಹೊನ್ನಾಳಿ, ಚಳ್ಳಕೆರೆ, ಮೊಳಕಾಲ್ಮುರು ಕಡೆಯಿಂದ ಜನ ಬರುತ್ತಾರೆ. ಕಾಶ್ಮೀರದ ಗಡಿಯಲ್ಲಿ ಆದ ಸಾವುಗಳ ಲೆಕ್ಕಕ್ಕೆ ಹೋಲಿಸಿದರೆ ಕಾಂಗೋ, ದಕ್ಷಿಣ ಸುಡಾನ್, ಲೆಬನಾನ್ ಕಡೆಯ ಪ್ರಕರಣ ಕಡಿಮೆ. ಆದರೆ ಬಂದಾಗ ಗೊಂದಲ ಮಾತ್ರ ಜಾಸ್ತಿ. ವಿಶ್ವಸಂಸ್ಥೆಯ ಶಾಂತಿಪಾಲನೆಯಲ್ಲಿ ಭಾರತ ಈವರೆಗೆ ಸುಮಾರು 180 ಜನರನ್ನು ಕಳೆದುಕೊಂಡಿದೆ. ಬೇರೆ ಯಾವ ದೇಶವೂ ಇಷ್ಟು ಜನರನ್ನು ಕಳೆದುಕೊಂಡಿಲ್ಲ. ಊರಿನವರಿಗೆ ಇದು ಗೊತ್ತಿರುವುದಿಲ್ಲ. "ಅಲ್ಲಿ ನಮ್ಮ ಯುದ್ಧ ಇರ್ಲಿಲ್ಲವಲ್ಲ ಸಾರ್, ಹೆಂಗೆ ಸತ್ತ?" ಅಂತಲೇ ಮಾತು ಶುರುವಾಗುತ್ತದೆ.

ಈ ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದನ್ನು ಹೀಗೇ ಅರ್ಜಿಯಲ್ಲಿ ಬರೆದರೆ ಕೆಲಸ ಕೆಡುತ್ತದೆ. ಎಷ್ಟು ಹೇಳಿದರೂ ಜನಕ್ಕೆ ತಲೆಗೆ ಹೋಗದ ವಿಷಯ ಇದೊಂದೇ. ಅದಕ್ಕೇ ಸ್ವಲ್ಪ ಎಳೆದು ಹೇಳುತ್ತೇನೆ.

ಮಾಹಿತಿ ಹಕ್ಕು ಕಾಯ್ದೆ 2005ರಲ್ಲಿ ಬಂತು. ಅದರಡಿ ನೀವು ಕೇಳಬಹುದಾದದ್ದು ಕಚೇರಿಯ ಕಡತದಲ್ಲಿ ಈಗಾಗಲೇ ಇರುವುದನ್ನು. ದಾಖಲೆ, ವರದಿ, ಆದೇಶ, ಪತ್ರ, ಫೋಟೋ, ಇಂಥವು. ಇಲ್ಲದ್ದನ್ನು ಹೊಸದಾಗಿ ಸೃಷ್ಟಿಸಿ ಕೊಡಬೇಕಿಲ್ಲ ಅಂತ 2011ರಲ್ಲಿ ಸಿಬಿಎಸ್‌ಇ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಈಗ ನಮ್ಮವರ ಅರ್ಜಿ ನೋಡಿ. "ನನ್ನ ಮಗನ ಸಾವಿಗೆ ಯಾರು ಹೊಣೆ? ಅವನನ್ನೇ ಯಾಕೆ ಆ ಗಾಡಿಯಲ್ಲಿ ಕಳಿಸಿದಿರಿ? ಡಾಕ್ಟರು ಯಾಕೆ ತಡವಾಗಿ ಬಂದರು?" ಕೋರ್ಟ್ ಎದುರಿನ ಟೈಪಿಂಗ್ ಅಂಗಡಿಯವರು ಇದಕ್ಕೆ "ಕಳಕಳಿಯ ಪ್ರಾರ್ಥನೆ" ಸೇರಿಸಿ, ಮೇಲೆ "48 ಗಂಟೆಯೊಳಗೆ ಉತ್ತರಿಸುವುದು" ಅಂತ ದಪ್ಪಕ್ಷರದಲ್ಲಿ ಹೊಡೆದಿರುತ್ತಾರೆ. ಆ 48 ಗಂಟೆ ಬದುಕಿರುವ ವ್ಯಕ್ತಿಯ ಜೀವ, ಸ್ವಾತಂತ್ರ್ಯಕ್ಕೆ ಸಂಬಂಧಿಸಿದ್ದು. ಇಲ್ಲಿ ಅನ್ವಯಿಸದು.

ಸೇನಾ ಕಚೇರಿಯಿಂದ ಒಂದು ಸಾಲಿನ ಉತ್ತರ ಬರುತ್ತದೆ. ಕೇಳಿದ್ದು ಮಾಹಿತಿಯ ವ್ಯಾಖ್ಯೆಗೆ ಬರುವುದಿಲ್ಲ, ಅಷ್ಟೇ. ಆಗ ಮನೆಯವರು ಏನೋ ಮುಚ್ಚಿಡುತ್ತಿದ್ದಾರೆ ಅಂದುಕೊಳ್ಳುತ್ತಾರೆ. ಮುಚ್ಚಿಟ್ಟಿರಲೂಬಹುದು, ನಾನು ಇಲ್ಲ ಎನ್ನಲಾರೆ. ಆದರೆ ಆ ಉತ್ತರದಿಂದ ಅದು ಸಾಬೀತಾಗುವುದಿಲ್ಲ. ಡಾಕ್ಟರು ಯಾಕೆ ತಡವಾಗಿ ಬಂದರು ಎಂದು ಕೇಳುವ ಬದಲು, ಗಾಯಾಳುವನ್ನು ಸಾಗಿಸಿದ ದಾಖಲೆಯ ಪ್ರತಿ, ಆಸ್ಪತ್ರೆಗೆ ಸೇರಿಸಿದ ಹೊತ್ತು ಬರೆದ ಪುಟ ಕೊಡಿ ಎಂದು ಕೇಳಿ. ಯಾಕೆ ತಡ ಅನ್ನುವುದು ಆ ಎರಡು ಹೊತ್ತಿನ ನಡುವೆ ತಾನೇ ಕಾಣುತ್ತದೆ. ಯಾರು ಹೊಣೆ ಎಂದು ಕೇಳುವ ಬದಲು, ಕೋರ್ಟ್ ಆಫ್ ಇನ್ಕ್ವೈರಿಯ ನಡಾವಳಿ, ಸಾಕ್ಷಿ ಹೇಳಿಕೆಗಳು, ಅದರ ಅಭಿಪ್ರಾಯ, ಆ ಅಭಿಪ್ರಾಯದ ಮೇಲೆ ಹಿರಿಯ ಅಧಿಕಾರಿ ಕೊಟ್ಟ ನಿರ್ದೇಶನ, ಇವುಗಳ ಪ್ರತಿ ಕೇಳಿ. ಜೊತೆಗೆ ಮರಣೋತ್ತರ ಪರೀಕ್ಷೆ ವರದಿ, ಗಾಯದ ವರದಿ, ಸಾವಿನ ಸುದ್ದಿ ತಿಳಿಸಿದ ಮೊದಲ ಸಂದೇಶ.

ಕೋರ್ಟ್ ಆಫ್ ಇನ್ಕ್ವೈರಿ ಅಂದರೆ ಕೆಲವು ಅಧಿಕಾರಿಗಳು ಕೂತು ಸಾಕ್ಷ್ಯ ಕಲೆಹಾಕುವುದು. 1954ರ ಸೇನಾ ನಿಯಮಗಳಲ್ಲಿ 177ರಿಂದ ಮುಂದೆ ಅದರ ವಿವರ ಇದೆ. ಅಲ್ಲಿ ಯಾರಿಗೂ ಶಿಕ್ಷೆ ಆಗುವುದಿಲ್ಲ, ಮನೆಯವರಿಗೆ ನೋಟಿಸ್ ಬರುವುದಿಲ್ಲ. ನೋಟಿಸ್‌ಗೆ ಕಾದು ಕಾದು ವರ್ಷ ಕಳೆದವರನ್ನು ನೋಡಿದ್ದೇನೆ. ವಿದೇಶಕ್ಕೆ ಹೋದ ಬೆಟಾಲಿಯನ್ ಸುಮಾರು ಒಂದು ವರ್ಷಕ್ಕೆ ವಾಪಸ್ ಬರುತ್ತದೆ. ಆಮೇಲೆ ಜೊತೆಗಾರರು ಬೇರೆ ಬೇರೆ ಕಡೆ ಪೋಸ್ಟಿಂಗ್ ಆಗಿ ಚದುರುತ್ತಾರೆ. ಕಾಗದಗಳನ್ನೂ ಶಾಶ್ವತವಾಗಿ ಇಡುವುದಿಲ್ಲ. ತಡ ಮಾಡಬೇಡಿ.

ಎಲ್ಲಿಗೆ ಬರೆಯಬೇಕು? ಮೊದಲು ಆತನ ರೆಕಾರ್ಡ್ ಆಫೀಸು. ಎಂಇಜಿ, ಅಂದರೆ ಮದ್ರಾಸ್ ಎಂಜಿನಿಯರ್ ಗ್ರೂಪ್ ಆದರೆ ಬೆಂಗಳೂರು. ಮರಾಠಾ ಲೈಟ್ ಇನ್‌ಫೆಂಟ್ರಿ ಆದರೆ ಬೆಳಗಾವಿ. ಮದ್ರಾಸ್ ರೆಜಿಮೆಂಟ್ ಆದರೆ ನೀಲಗಿರಿಯ ವೆಲಿಂಗ್ಟನ್. ಆರ್ಟಿಲರಿ, ಅಂದರೆ ಫಿರಂಗಿ ದಳ ಆದರೆ ನಾಸಿಕ್ ರೋಡ್. ಮಾಹಿತಿ ಹಕ್ಕಿನ ಅರ್ಜಿ ದೆಹಲಿಯ ಸೇನಾ ಮುಖ್ಯ ಕಚೇರಿಯ ಮಾಹಿತಿ ಅಧಿಕಾರಿಗೆ. ಕಾಯ್ದೆ ಪ್ರಕಾರ ನಮ್ಮ ಊರಿಂದ ಕನ್ನಡದಲ್ಲೇ ಹಾಕಬಹುದು. ಆದರೂ ಇಂಗ್ಲಿಷ್ ಪ್ರತಿ ಜೊತೆಗಿಡಿ ಅನ್ನುತ್ತೇನೆ. ಹಕ್ಕು ಇದೆ ಅಂತ ಸುಮ್ನೆ ಎರಡು ತಿಂಗಳು ಕಳೆಯುವುದು ಯಾಕೆ, ಅಲ್ವಾ? ವಿಶ್ವಸಂಸ್ಥೆ ಕೂಡ ತನ್ನದೇ ವಿಚಾರಣೆ ನಡೆಸುತ್ತದೆ, ಆದರೆ ಅದು ಅವರ ಒಳಗಿನ ಕಡತ. ನಮ್ಮ ಮಾಹಿತಿ ಹಕ್ಕು ನ್ಯೂಯಾರ್ಕ್‌ನಲ್ಲಿ ನಡೆಯುವುದಿಲ್ಲ. ಅಲ್ಲಿಂದ ಬರುವ ಪರಿಹಾರದ ಹಣವೂ ನಮ್ಮ ಸರ್ಕಾರದ ಮೂಲಕವೇ ಬರುತ್ತದೆ.

ಕೇಳಿದ್ದೆಲ್ಲ ಸಿಗುತ್ತದೆ ಅಂತ ನಾನು ಭರವಸೆ ಕೊಡುವುದಿಲ್ಲ. ದೇಶದ ಭದ್ರತೆ, ವಿದೇಶಿ ಸಂಬಂಧ, ಬೇರೆಯವರ ಖಾಸಗಿತನ, ಹೀಗೆ ಕಾರಣ ಕೊಟ್ಟು ನಿರಾಕರಿಸಬಹುದು. ಕೆಲವು ಸಲ ಅದು ಸರಿಯೇ ಇರುತ್ತದೆ. ಆದರೆ ತನಿಖೆ ಮುಗಿದ ಮೇಲೂ "ತನಿಖೆಗೆ ಅಡ್ಡಿ" ಅನ್ನುವ ಕಾರಣ ಗಟ್ಟಿಯಾಗಿ ನಿಲ್ಲುವುದಿಲ್ಲ. ಕಾಯ್ದೆಯ 10ನೇ ಕಲಂ ಹಿಡಿದು, ಕೊಡಬಾರದ ಸಾಲುಗಳಿಗೆ ಮಸಿ ಬಳಿದು ಉಳಿದದ್ದು ಕೊಡಿ ಅಂತ ಅರ್ಜಿಯಲ್ಲೇ ಬರೆದುಬಿಡಿ.

ಇನ್ನೊಂದು ವ್ಯತ್ಯಾಸ. ಭೂಸೇನೆ ಈ ಕಾಯ್ದೆಯಡಿ ಬರುತ್ತದೆ. ಬಿಎಸ್‌ಎಫ್, ಸಿಆರ್‌ಪಿಎಫ್‌ನಂಥ ಪಡೆಗಳಿಗೆ 24ನೇ ಕಲಂನಲ್ಲಿ ವಿನಾಯಿತಿ ಇದೆ. ಭ್ರಷ್ಟಾಚಾರ, ಮಾನವ ಹಕ್ಕು ಉಲ್ಲಂಘನೆಯ ಆರೋಪ ಇದ್ದರೆ ಮಾತ್ರ ಅವು ಕೊಡಬೇಕು. 2022ರ ಜುಲೈನಲ್ಲಿ ಕಾಂಗೋದ ಬುಟೆಂಬೊದಲ್ಲಿ ಗಲಭೆಗೆ ಸಿಕ್ಕಿ ಸತ್ತ ಇಬ್ಬರು ಭಾರತೀಯರು ಬಿಎಸ್‌ಎಫ್‌ನವರು. ಊರಲ್ಲಿ ಎಲ್ಲರಿಗೂ "ಮಿಲ್ಟ್ರಿ" ಅಂದುಬಿಡುತ್ತಾರೆ. ಕಾನೂನಿಗೆ ಅದು ಸಾಲದು. ಯಾವ ಪಡೆ ಅಂತ ಮೊದಲು ನೋಡಿ.

ಈ ಕಾಗದಕ್ಕೂ ಹಣಕ್ಕೂ ನಂಟಿದೆ. ಇದನ್ನು ಹೇಳಲು ನನಗೇ ಮುಜುಗರ, ಆದರೂ ಹೇಳಲೇಬೇಕು. ರಕ್ಷಣಾ ಸಚಿವಾಲಯದ 2001ರ ಜನವರಿ 31ರ ಪತ್ರದಲ್ಲಿ ಸಾವುಗಳನ್ನು ಎ ಇಂದ ಇ ತನಕ ವಿಂಗಡಿಸಿದ್ದಾರೆ. ಡ್ಯೂಟಿ ಮೇಲಿದ್ದಾಗ ಗಾಡಿ ಅಪಘಾತವಾದರೆ ಸಿ. ವಿದೇಶದ ಶಾಂತಿಪಾಲನೆಯಲ್ಲಿ ಕಾರ್ಯಾಚರಣೆಯಿಂದಾದ ಸಾವು ಇ. ಸಿ ಆದರೆ ವಿಶೇಷ ಕುಟುಂಬ ಪಿಂಚಣಿ, ಲೆಕ್ಕಕ್ಕೆ ಹಿಡಿಯುವ ಕೊನೆಯ ಸಂಬಳದ ಶೇ 60. ಇ ಆದರೆ ಆ ಸಂಬಳದಷ್ಟೇ ಪೂರ್ತಿ. ಬೆಂಗಾವಲಿಗೆ ಹೋಗುತ್ತಿದ್ದ ಗಾಡಿ ಗುಂಡಿನ ದಾಳಿಗೆ ಹೆದರಿ ಜೋರಾಗಿ ಓಡಿ ಉರುಳಿತು ಅನ್ನಿ. ಅದು ಅಪಘಾತವೋ, ಕಾರ್ಯಾಚರಣೆಯೋ? ವಿಚಾರಣೆಯಲ್ಲಿ ಏನು ಬರೆದಿದೆ ಅನ್ನುವುದರ ಮೇಲೆ ತುಂಬಾ ನಿಂತಿರುತ್ತದೆ. ವರ್ಗ ತಪ್ಪಾಗಿದೆ ಅನಿಸಿದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ. ಅಂತಿಮ ಆದೇಶದಿಂದ 6 ತಿಂಗಳ ಗಡುವು. ತಡವನ್ನು ಮನ್ನಿಸುವ ಅಧಿಕಾರ ಅದಕ್ಕಿದೆ, ಆದರೆ ಅದನ್ನೇ ನಂಬಿ ಕೂರಬೇಡಿ. ನಿಮ್ಮ ಕಡತ ನೋಡದೆ ಯಾವ ವಕೀಲನೂ ಖಚಿತವಾಗಿ ಹೇಳಬಾರದು. ಹೇಳಿದರೆ ಎದ್ದು ಬನ್ನಿ.

ಮನೆಯೊಳಗಿನ ವಿಷಯವೂ ಇದೆ. ಪಿಂಚಣಿ ಸೊಸೆಗೆ ಬಂತು, ತವರಿಗೆ ಹೋದಳು, ಅತ್ತೆ ಮಾವನಿಗೆ ಸಂಕಟ. ಆ ಸಿಟ್ಟು ಅರ್ಜಿಗೆ ನುಗ್ಗುತ್ತದೆ. "ನನ್ನ ಮಗ ಹೇಗೆ ಸತ್ತ" ಎಂದು ಶುರುವಾದ ಪತ್ರ ಮೂರನೇ ಪ್ಯಾರಾದಲ್ಲಿ ಸೊಸೆಯ ಒಡವೆಗೆ ಬಂದು ನಿಂತಿರುತ್ತದೆ. ಎರಡನ್ನೂ ಬೇರೆ ಇಡಿ. ಸಾಧ್ಯವಾದರೆ ಕಾಗದ ಕೇಳುವ ಅರ್ಜಿಗೆ ಇಬ್ಬರೂ ಸೇರಿ ಬನ್ನಿ. ಹಾಗೆ ಬಂದ ಅತ್ತೆ ಸೊಸೆ ಮಧ್ಯಾಹ್ನ ಒಂದೇ ಪೊಟ್ಟಣದ ಮಂಡಕ್ಕಿ ಮಿರ್ಚಿ ತಿಂದುಕೊಂಡು ನನ್ನ ಆಫೀಸಿನ ಮೆಟ್ಟಿಲಲ್ಲಿ ಕೂತಿದ್ದೂ ಉಂಟು.

ಜಗಳೂರು ಕಡೆಯ ಒಬ್ಬ ತಾಯಿ. ಮಗ ಆಫ್ರಿಕಾದಲ್ಲಿ ಹೋದ. ಗಂಡ, ಮೈದುನ ಎಲ್ಲ ಹೊಣೆ ಯಾರದು, ಯಾವ ಅಧಿಕಾರಿ ಅಂತ ಕೂಗಾಡುತ್ತಿದ್ದರು. ಆಕೆ ಕೇಳಿದ್ದು ಒಂದೇ, "ಅವತ್ತು ಉಂಡಿದ್ನಾ?" ನನಗೆ ಏನು ಹೇಳಬೇಕೋ ತೋಚಲಿಲ್ಲ. ಆಮೇಲೆ ಮೇಲ್ಮನವಿ ಮಾಡಿ ನಡಾವಳಿಯ ಪ್ರತಿ ಬಂತು. ಅಲ್ಲಲ್ಲಿ ಕಪ್ಪು ಮಸಿ. ಮೂರನೇ ಸಾಕ್ಷಿ ಜೊತೆಗಿದ್ದ ಜವಾನ. ಬೆಳಗ್ಗೆ ಪೂರಿ ಪಲ್ಯ ತಿಂದು ನೀರಿನ ಟ್ಯಾಂಕರ್ ಜೊತೆ ಹೊರಟೆವು ಅಂತ ಅವನ ಹೇಳಿಕೆಯ ಎರಡನೇ ಸಾಲು. ಆಕೆ ಅದನ್ನು ಎರಡು ಸಲ ಓದಿಸಿದರು. ಹೊಣೆ ಯಾರದು ಅನ್ನುವುದಕ್ಕೆ ಆ ಕಡತದಲ್ಲಿ ತೃಪ್ತಿಯಾಗುವ ಉತ್ತರ ಇರಲಿಲ್ಲ. ಗಂಡಸರಿಗೆ ಇವತ್ತಿಗೂ ಸಮಾಧಾನವಾಗಿಲ್ಲ. ಅದರ ಹೋರಾಟ ಇನ್ನೂ ನಡೆದಿದೆ, ಹಾಗಾಗಿ ಜಾಸ್ತಿ ಹೇಳುವಂತಿಲ್ಲ.

ದೆಹಲಿಯಲ್ಲಿ ನಮ್ಮ ಜನ ಇದ್ದಾರೆ, ಕಡತ ತೆಗೆಸಿಕೊಡುತ್ತೇವೆ ಅನ್ನುವವರಿಗೆ ದುಡ್ಡು ಕೊಡಬೇಡಿ. ಅರ್ಜಿ ಶುಲ್ಕ 10 ರೂಪಾಯಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ನಿರಾಕರಿಸಿದರೆ, ಮುಂದಿನ 30 ದಿನದಲ್ಲಿ ಮೊದಲ ಮೇಲ್ಮನವಿ. ಅದಕ್ಕೂ ಜಗ್ಗದಿದ್ದರೆ 90 ದಿನದೊಳಗೆ ಕೇಂದ್ರ ಮಾಹಿತಿ ಆಯೋಗ. ಆಯೋಗದಲ್ಲಿ ಸರದಿ ಉದ್ದ ಇದೆ, ತಾಳ್ಮೆ ಬೇಕು. ವಕೀಲರ ಬಳಿ ಬರುವಾಗ ಆರ್ಮಿ ನಂಬರ್ ಇರುವ ಯಾವುದಾದರೂ ಕಾಗದ ತನ್ನಿ. ಹಳೇ ಸಂಬಳದ ಚೀಟಿ ಆದರೂ ಆಯಿತು, ಕ್ಯಾಂಟೀನ್ ಕಾರ್ಡ್ ಆದರೂ ಆಯಿತು. ಮತ್ತೆ ದಯವಿಟ್ಟು ಮೂಲ ದಾಖಲೆಗಳಿಗೆ ಲ್ಯಾಮಿನೇಷನ್ ಮಾಡಿಸಬೇಡಿ. ಹಿಂಬದಿಯ ಸೀಲು ಮಸುಕಾಗಿ ಓದಲಿಕ್ಕೇ ಬರುವುದಿಲ್ಲ.