ಚಳಿಯಲ್ಲಿ ಲಿವರ್ ರೈಫಲ್ ಕೈಕೊಡುವುದೇಕೆ?

ಕೊರೆಯುವ ಚಳಿಯಲ್ಲಿ ಲಿವರ್ ರೈಫಲ್ (ಟ್ರಿಗರಿನ ಬಳಿಯ ಲಿವರನ್ನು ಕೈಯಿಂದ ಆಡಿಸಿ ತೋಟಾ ಒಳಸೇರಿಸುವ ರೈಫಲ್) ತಡವರಿಸಿದರೆ ಹೆಚ್ಚಿನವರು ಮೊದಲು ದೂರುವುದು ಲೋಹವನ್ನು. ಉಕ್ಕು ಕುಗ್ಗಿ ಭಾಗಗಳು ಬಿಗಿಯಾಗಿವೆ ಅನ್ನುತ್ತಾರೆ. ಲೆಕ್ಕ ಹಾಕಿದರೆ ಈ ಮಾತು ನಿಲ್ಲುವುದಿಲ್ಲ. ಒಂದು ಡಿಗ್ರಿ ಸೆಲ್ಸಿಯಸ್ ತಣ್ಣಗಾದರೆ ಉಕ್ಕು ಮೀಟರಿಗೆ ಸುಮಾರು 12 ಮೈಕ್ರೋಮೀಟರ್ ಕುಗ್ಗುತ್ತದೆ. 10 ಮಿಲಿಮೀಟರ್ ದಪ್ಪದ ಬೋಲ್ಟು (ತೋಟಾವನ್ನು ಒಳತಳ್ಳಿ ಹಿಂದಿನಿಂದ ಮುಚ್ಚುವ ಭಾಗ) 40 ಡಿಗ್ರಿಯಷ್ಟು ತಣ್ಣಗಾದರೂ ಕುಗ್ಗುವುದು 5 ಮೈಕ್ರೋಮೀಟರಿನ ಆಸುಪಾಸು. ಸುತ್ತಲಿನ ಉಕ್ಕೂ ಅದೇ ಪ್ರಮಾಣದಲ್ಲಿ ಕುಗ್ಗುವುದರಿಂದ ನಡುವಿನ ಸಂದು ಹೆಚ್ಚುಕಮ್ಮಿ ಹಾಗೆಯೇ ಇರುತ್ತದೆ. ತೊಂದರೆ ಇರುವುದು ಆ ಸಂದಿನಲ್ಲಿ ನಿಂತ ಎಣ್ಣೆಯಲ್ಲಿ.

ತಾಪ ಇಳಿದಂತೆ ಎಣ್ಣೆಯ ಸ್ನಿಗ್ಧತೆ, ಅಂದರೆ ಹರಿಯಲು ಅದು ಒಡ್ಡುವ ತಡೆ, ಒಂದೇ ಸಮನೆ ಏರುವುದಿಲ್ಲ, ಇಳಿದಷ್ಟೂ ಜೋರಾಗಿ ಏರುತ್ತದೆ. ಅಣುಗಳ ಚಲನೆ ಮಂದವಾಗಿ ಒಂದನ್ನೊಂದು ದಾಟಿ ಜಾರುವುದು ಕಷ್ಟವಾಗುತ್ತದೆ. ಪೆಟ್ರೋಲಿಯಂನಿಂದ ಬಂದ ಸಾಮಾನ್ಯ ಎಣ್ಣೆಯಲ್ಲಾದರೆ ಕರಗಿಕೊಂಡಿದ್ದ ಮೇಣ ಹರಳುಗಟ್ಟಿ, ಕೊನೆಗೆ ಎಣ್ಣೆ ಹರಿಯುವುದನ್ನೇ ಬಿಡುತ್ತದೆ. ಸಿಂಥೆಟಿಕ್ ಎಣ್ಣೆಗಳಲ್ಲಿ ಈ ಮೇಣ ಇರುವುದಿಲ್ಲವಾದ್ದರಿಂದ ಅವು ಇನ್ನೂ ಕಡಿಮೆ ತಾಪದವರೆಗೆ ದ್ರವವಾಗಿಯೇ ಉಳಿಯುತ್ತವೆ.

ಲಿವರ್ ರೈಫಲಿನಲ್ಲಿ ಈ ತೊಂದರೆ ಅಡಗಿ ಕೂರುತ್ತದೆ. ಗುಂಡು ಹಾರಿದ ಒತ್ತಡದಿಂದಲೇ ಬೋಲ್ಟು ಹಿಂದೆ ಸರಿಯುವ ಸೆಮಿ ಆಟೋಮ್ಯಾಟಿಕ್ ರೈಫಲಾದರೆ ಎಣ್ಣೆ ಗಟ್ಟಿಯಾದೊಡನೆ ಅರ್ಧಕ್ಕೆ ನಿಂತು ವಿಷಯ ತಿಳಿಸಿಬಿಡುತ್ತದೆ. ಲಿವರನ್ನು ಎಳೆಯುವುದು ನಮ್ಮ ಕೈ. ಬಿಗಿ ಎನಿಸಿದರೆ ತುಸು ಬಲ ಹಾಕುತ್ತೇವೆ, ಖಾಲಿ ತೋಟಾ ಹೊರಬೀಳುತ್ತದೆ, ಹೊಸದು ಒಳಸೇರುತ್ತದೆ. ಎಲ್ಲ ಸರಿಯಿದೆ ಅನಿಸುತ್ತದೆ. ಆದರೆ ಟ್ರಿಗರ್ ಒತ್ತಿದ ಮೇಲೆ ಹ್ಯಾಮರ್ ಬೀಳುವುದು ಸ್ಪ್ರಿಂಗಿನ ಬಲದಿಂದ, ಅದಕ್ಕೆ ಕೈ ಸಹಾಯ ಸಿಗುವುದಿಲ್ಲ. ಹ್ಯಾಮರಿನ ಪೆಟ್ಟು ತಿಂದ ಫೈರಿಂಗ್ ಪಿನ್, ಅಂದರೆ ತೋಟಾಕ್ಕೆ ಬಡಿಯುವ ಕಡ್ಡಿ, ತನ್ನ ಇಕ್ಕಟ್ಟಾದ ತೋಡಿನಲ್ಲಿ ವೇಗವಾಗಿ ಮುಂದೆ ಹೋಗಬೇಕು. ಸಂದು ಕಿರಿದಾದಷ್ಟೂ, ವೇಗ ಹೆಚ್ಚಾದಷ್ಟೂ ಎಣ್ಣೆ ಒಡ್ಡುವ ತಡೆ ಹೆಚ್ಚು. ಎರಡೂ ಇರುವ ಜಾಗ ಇದೇ.

ರಿಮ್‌ಫೈರ್ ತೋಟಾಕ್ಕೆ ಈ ಪೆಟ್ಟು ಬಹಳ ಮುಖ್ಯ. ಆ ಬಗೆಯದೇ ಆದ, 1887ರಲ್ಲಿ ಬಂದು ಇಂದಿಗೂ ಹಲವು ಲಿವರ್ ರೈಫಲುಗಳಲ್ಲಿ ಬಳಕೆಯಲ್ಲಿರುವ .22 ಲಾಂಗ್ ರೈಫಲ್ ತೋಟಾದಲ್ಲಿ, ಕಿಡಿ ಹೊತ್ತಿಸುವ ಮಿಶ್ರಣ ನಡುವಿನಲ್ಲಿಲ್ಲ, ಬುಡದ ಅಂಚಿನ ಮಡಿಕೆಯೊಳಗಿದೆ. ಪಿನ್ ಬಡಿದಾಗ ಆ ಹಿತ್ತಾಳೆಯ ಅಂಚು ಚೇಂಬರಿನ, ಅಂದರೆ ತೋಟಾ ಕೂರುವ ಗೂಡಿನ, ಅಂಚಿಗೆ ಒತ್ತಿ ಜಜ್ಜಿಹೋಗಬೇಕು. ಪೆಟ್ಟು ಸಾಲದಿದ್ದರೆ ತೋಟಾ ಸಿಡಿಯುವುದಿಲ್ಲ. ಹೊರಬಂದ ತೋಟಾದ ಅಂಚನ್ನು ಬೆಳಕಿಗೆ ಹಿಡಿದು ನೋಡಿ: ಗುರುತು ಮಾಮೂಲಿಗಿಂತ ಆಳವಿಲ್ಲದೆ ತೇಲಿದಂತಿದ್ದರೆ ತೋಟಾವನ್ನು ಬೈಯುವ ಮೊದಲು ಪಿನ್ನಿನ ತೋಡನ್ನು ಸಂಶಯಿಸಬೇಕು. ಸಾಲದ್ದಕ್ಕೆ .22 ಗುಂಡುಗಳ ಮೈಗೆ ಮೇಣವನ್ನೋ ಗ್ರೀಸನ್ನೋ ಸವರಿರುತ್ತಾರೆ. ಅದು ಮದ್ದಿನ ಮಸಿಯೊಡನೆ ಬೆರೆತು ಬೋಲ್ಟಿನ ಮೂಲೆಗಳಲ್ಲಿ ಸೇರಿಕೊಳ್ಳುತ್ತದೆ. ಬೆಚ್ಚಗಿರುವಾಗ ಮೆತ್ತಗಿರುವ ಈ ಕೊಳೆ ಚಳಿಯಲ್ಲಿ ಗಟ್ಟಿಯಾಗುತ್ತದೆ.

ಹಾಗಾಗಿ ಚಳಿಗಾಲದ ಸಿದ್ಧತೆ ಎಂದರೆ ಎಣ್ಣೆ ಹಾಕುವುದಕ್ಕಿಂತ ತೆಗೆಯುವುದು. ಮೊದಲು ರೈಫಲ್ ಖಾಲಿ ಮಾಡಿ. ತೋಟಾಗಳನ್ನು ಸಾಲಾಗಿ ತುಂಬಿಡುವ ಕೊಳವೆ ಮ್ಯಾಗಜೀನಿನಿಂದ ಮೇಲೇರುವ ದಾರಿಯಲ್ಲಿ ಒಂದು ತೋಟಾ ಸಿಕ್ಕಿಕೊಂಡಿರಬಹುದು, ಲಿವರನ್ನು ಹಲವು ಸಲ ಪೂರ್ತಿ ಆಡಿಸಿ ಚೇಂಬರನ್ನು ಕಣ್ಣಿನಿಂದಲೂ ಬೆರಳಿನಿಂದಲೂ ಪರೀಕ್ಷಿಸಬೇಕು. ಆಮೇಲೆ ದ್ರಾವಕದಿಂದ ಬೋಲ್ಟು, ಪಿನ್ನಿನ ತೋಡು, ಖಾಲಿ ತೋಟಾ ಹೊರಗೆಳೆಯುವ ಎಕ್ಸ್‌ಟ್ರಾಕ್ಟರಿನ ಕೊಕ್ಕೆ, ಎಲ್ಲವನ್ನೂ ತೊಳೆದು ಒಣಗಿಸಬೇಕು. ಪಿನ್ನಿನ ತೋಡನ್ನು ಒಣಗಿದ ಹಾಗೆಯೇ ಬಿಡುವುದು ಒಳ್ಳೆಯದು. ಉಜ್ಜುವ ಜಾಗಗಳಿಗೆ ತೆಳು ಸಿಂಥೆಟಿಕ್ ಎಣ್ಣೆ ಹಚ್ಚಿ, ಬಟ್ಟೆಯಿಂದ ಒರೆಸಿಬಿಟ್ಟರೂ ಉಳಿಯುವ ಪದರ ಸಾಕು, ತುಕ್ಕನ್ನೂ ಅದು ತಡೆಯುತ್ತದೆ. ಗ್ರಾಫೈಟ್ ಪುಡಿ ಗಟ್ಟಿಯಾಗುವುದಿಲ್ಲ ನಿಜ, ಆದರೆ ಅಲ್ಯೂಮಿನಿಯಂ ಭಾಗಗಳಿಗೆ ನಾನು ಅದನ್ನು ಒಪ್ಪುವುದಿಲ್ಲ. ತೇವ ಸೇರಿದರೆ ಗ್ರಾಫೈಟ್ ಮತ್ತು ಅಲ್ಯೂಮಿನಿಯಂ ನಡುವೆ ವಿದ್ಯುತ್ ಹರಿದು ಲೋಹ ತಿಂದುಹೋಗುತ್ತದೆ.

ಎಣ್ಣೆಯ ನಂತರದ ಶತ್ರು ನೀರು. ತಣ್ಣಗಿನ ರೈಫಲನ್ನು ಬೆಚ್ಚಗಿನ ಕೋಣೆಗೆ ತಂದರೆ ಗಾಳಿಯ ತೇವ ಲೋಹದ ಮೇಲೆ, ಯಂತ್ರದ ಒಳಗೂ ಹನಿಗಟ್ಟುತ್ತದೆ. ಒರೆಸದೆ ಮತ್ತೆ ಹೊರಗೊಯ್ದರೆ ಆ ಹನಿಗಳೇ ಮಂಜುಗಡ್ಡೆ. ಮ್ಯಾಗಜೀನಿನ ಕೊಳವೆಯಲ್ಲಿ ತೋಟಾಗಳನ್ನು ತಳ್ಳುವ ಸ್ಪ್ರಿಂಗು ಬಲವಾದದ್ದೇನಲ್ಲ, ತೆಳು ಮಂಜು ಕಟ್ಟಿದರೂ ಸಾಲು ನಿಂತುಬಿಡಬಹುದು. ಬೇಟೆ ಅಥವಾ ಅಭ್ಯಾಸದ ನಡುವೆ, ಕಾನೂನು ಮತ್ತು ಭದ್ರತೆ ಒಪ್ಪುವಲ್ಲಿ, ಖಾಲಿ ಮಾಡಿದ ರೈಫಲನ್ನು ಬೀಗ ಹಾಕಿದ ತಣ್ಣಗಿನ ಜಾಗದಲ್ಲೇ ಇಡಬಹುದು. ಒಳಗೆ ತರಲೇಬೇಕಾದರೆ ಮುಚ್ಚಿದ ಚೀಲದಲ್ಲಿಟ್ಟು, ಅದು ಕೋಣೆಯ ತಾಪಕ್ಕೆ ಬಂದ ಮೇಲೆಯೇ ಚೀಲ ತೆರೆಯಬೇಕು.

ಕೆಲಸವಾಯಿತೇ ಎಂದು ತಿಳಿಯಲು ಚೇಂಬರ್ ಖಾಲಿಯಿಟ್ಟು ಟ್ರಿಗರ್ ಒತ್ತುತ್ತಾ ಕೂರಬಾರದು. ಹಲವು ರಿಮ್‌ಫೈರ್ ರೈಫಲುಗಳಲ್ಲಿ ಪಿನ್ ಹೋಗಿ ಚೇಂಬರಿನ ಅಂಚಿಗೇ ಬಡಿದು ಎರಡೂ ಕೆಡುತ್ತವೆ. ರೈಫಲನ್ನು ಚಳಿಯಲ್ಲಿ ಗಂಟೆಗಟ್ಟಲೆ ಇಟ್ಟು, ಸುರಕ್ಷಿತ ಜಾಗದಲ್ಲಿ ನಿಜವಾದ ತೋಟಾ ಹಾರಿಸಿಯೇ ನೋಡಬೇಕು. ಲಿವರನ್ನು ಅರ್ಧಕ್ಕೆ ಬಿಡದೆ ಕೊನೆಯವರೆಗೂ ಆಡಿಸಬೇಕು, ದಪ್ಪ ಕೈಗವಸು ಟ್ರಿಗರಿಗೆ ತಾಗದಂತೆ ನೋಡಿಕೊಳ್ಳಬೇಕು. ‘ಟಕ್’ ಎಂದಷ್ಟೇ ಸದ್ದಾಗಿ ಗುಂಡು ಹಾರದಿದ್ದರೆ ಕೂಡಲೇ ಲಿವರ್ ಎಳೆಯಬೇಡಿ. ಮದ್ದು ತಡವಾಗಿ ಹೊತ್ತಿಕೊಳ್ಳಬಹುದು. ನಳಿಕೆಯನ್ನು ಗುರಿಯ ಕಡೆಗೇ ಹಿಡಿದು ಕನಿಷ್ಠ 30 ಸೆಕೆಂಡು ಕಾದು, ಆಮೇಲೆ ತೋಟಾ ತೆಗೆಯಿರಿ.