ಪಂದ್ಯ ನಡೆಸುವವರೇ ಪಟ್ಟ ಕಟ್ಟಿದಾಗ: ಯುಎಫ್‌ಸಿ ಹೆವಿವೇಟ್ ಗೊಂದಲದ ಹಿನ್ನೆಲೆ

2025ರ ಅಕ್ಟೋಬರ್ 25ರಂದು ಅಬುಧಾಬಿಯಲ್ಲಿ ನಡೆದ ಟಾಮ್ ಆಸ್ಪಿನಾಲ್ ಮತ್ತು ಸಿರಿಲ್ ಗಾನ್ ನಡುವಿನ ಯುಎಫ್‌ಸಿ ಹೆವಿವೇಟ್ ಪಟ್ಟದ ಪಂದ್ಯ, ಕಣ್ಣಿಗೆ ಬೆರಳು ತಾಗಿದ ಕಾರಣಕ್ಕೆ ಮೊದಲ ಸುತ್ತಿನಲ್ಲೇ ಫಲಿತಾಂಶವಿಲ್ಲದೆ ನಿಂತುಹೋಯಿತು. ಅಣ್ಣನೋ ಮಾವನೋ ಕೊಲ್ಲಿಯಲ್ಲಿರುವ ಉಪ್ಪಳ, ಕುಂಬಳೆ, ಮಂಜೇಶ್ವರದ ಹುಡುಗರಿಗೆ ಅಬುಧಾಬಿ ಪರಕೀಯ ಊರಲ್ಲ; ಅಮೆರಿಕದ ಪಂದ್ಯಗಳಿಗಾಗಿ ಭಾನುವಾರ ಬೆಳಗ್ಗೆ ಟಿವಿ ಮುಂದೆ ಕೂರುವ ಇವರು ಅಂದು ನಡುರಾತ್ರಿ ಮೀರಿದರೂ ಎದ್ದಿದ್ದರು. ಬೆರಳು ತಾಗಿದ್ದರಿಂದ ಆದ ಬೇಸರ ಒಂದೆರಡು ದಿನದ್ದು. ಆದರೆ ಪಣಕ್ಕಿದ್ದ ಚಾಂಪಿಯನ್ ಬೆಲ್ಟ್‌ನ ಸುತ್ತ ಅದಾಗಲೇ ನಾಲ್ಕು ವರ್ಷಗಳ ಅಸಮಾಧಾನ ಸೇರಿಕೊಂಡಿತ್ತು.

1993ರ ನವೆಂಬರ್ 12ರಂದು ಡೆನ್ವರ್‌ನಲ್ಲಿ ತೂಕದ ವರ್ಗಗಳೇ ಇಲ್ಲದೆ ಆರಂಭವಾದ, ಹೊಡೆತ ಮತ್ತು ಕುಸ್ತಿ ಎರಡೂ ಸೇರಿದ ಮಿಶ್ರ ಸಮರ ಕಲೆಯ ಪಂದ್ಯ ನಡೆಸುವ ಅಮೆರಿಕದ ಸಂಸ್ಥೆ ಯುಎಫ್‌ಸಿಯನ್ನು ಸೆನೆಟರ್ ಜಾನ್ ಮೆಕೇನ್ ಮನುಷ್ಯರ ಕೋಳಿ ಅಂಕಕ್ಕೆ ಹೋಲಿಸಿ, ನಿಷೇಧಿಸುವಂತೆ ರಾಜ್ಯಗಳ ಗವರ್ನರ್‌ಗಳಿಗೆ ಪತ್ರ ಬರೆದಿದ್ದರು. ಕೋಳಿ ಅಂಕ ಕಂಡ ನಮ್ಮ ಸೀಮೆಯವರಿಗೆ ಆ ಮಾತಿನ ಕಟುತ್ವವನ್ನು ವಿವರಿಸಬೇಕಾಗಿಲ್ಲ. 2001ರಲ್ಲಿ 20 ಲಕ್ಷ ಡಾಲರಿಗೆ ಕೈಬದಲಾದ ಸಂಸ್ಥೆ ಲಿಖಿತ ನಿಯಮಗಳನ್ನು ಒಪ್ಪಿಕೊಂಡು ಬೆಳೆಯಿತು, 2007ರಲ್ಲಿ ಜಪಾನಿನ ಪ್ರೈಡ್ ಅನ್ನೂ 2011ರಲ್ಲಿ ಸ್ಟ್ರೈಕ್‌ಫೋರ್ಸ್ ಅನ್ನೂ ಕೊಂಡುಕೊಂಡಿತು, 2016ರಲ್ಲಿ ಸುಮಾರು 400 ಕೋಟಿ ಡಾಲರಿಗೆ ಮತ್ತೆ ಮಾರಾಟವಾಯಿತು. ಪ್ರತಿಸ್ಪರ್ಧಿ ಸಂಸ್ಥೆಗಳು ಒಂದೊಂದಾಗಿ ಕಡಿಮೆಯಾದಂತೆ, ಹೋರಾಟಗಾರರಿಗೆ ಬೇರೆ ಬಾಗಿಲು ತಟ್ಟುವ ಅವಕಾಶವೂ ಕಡಿಮೆಯಾಯಿತು.

ಬಾಕ್ಸಿಂಗ್‌ನಲ್ಲಿ ಪಂದ್ಯ ಏರ್ಪಡಿಸುವವರು ಬೇರೆ, ಪಟ್ಟ ನೀಡುವ ಮಂಡಳಿಗಳು ಬೇರೆ. ಆ ಮಂಡಳಿಗಳೂ ದೋಷಮುಕ್ತವಲ್ಲವಾದರೂ, ಸಂಘಟಕರು ಹಣದ ಲೆಕ್ಕ ತಿಳಿಸಬೇಕೆಂದೂ ಬಾಕ್ಸರ್‌ಗಳನ್ನು ದೀರ್ಘ ಗುತ್ತಿಗೆಗಳಲ್ಲಿ ಬಲವಂತವಾಗಿ ಕಟ್ಟಿಹಾಕಬಾರದೆಂದೂ ಹೇಳುವ ಮಹಮ್ಮದ್ ಅಲಿ ಹೆಸರಿನ ಕಾಯ್ದೆ ಅಮೆರಿಕದಲ್ಲಿ 2000ದಿಂದ ಇದೆ. ಮಿಶ್ರ ಸಮರ ಕಲೆಗೆ ಅದು ಅನ್ವಯಿಸುವುದಿಲ್ಲ. ಅದನ್ನು ಈ ಕ್ರೀಡೆಗೂ ವಿಸ್ತರಿಸುವ ಮಸೂದೆ 2016ರಲ್ಲಿ ಮಂಡನೆಯಾದರೂ ಕಾನೂನಾಗಲಿಲ್ಲ. ಹೀಗಾಗಿ ಯಾರು ಯಾರೊಡನೆ ಸೆಣಸಬೇಕು, ಬೆಲ್ಟ್ ಯಾರಿಗೆ, ಅದನ್ನು ಯಾವಾಗ ಹಿಂಪಡೆಯಬೇಕು ಎಂಬುದನ್ನೆಲ್ಲ ಟಿಕೆಟ್ ಮಾರುವ ಸಂಸ್ಥೆಯೇ ತೀರ್ಮಾನಿಸುತ್ತದೆ. ಅಭಿಮಾನಿಗಳ ದೂರುಗಳಲ್ಲಿ ಹೆಚ್ಚಿನವು ಈ ಒಂದೇ ಬೇರಿನಿಂದ ಹುಟ್ಟಿದವು.

ಇದರ ಪರಿಣಾಮ ಹೆವಿವೇಟ್ ವರ್ಗದಲ್ಲಿ ಕಂಡಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ. 2021ರ ಮಾರ್ಚ್‌ನಲ್ಲಿ ಫ್ರಾನ್ಸಿಸ್ ಎನ್‌ಗಾನು ಚಾಂಪಿಯನ್ ಆದರು. ಐದು ತಿಂಗಳು ಕಳೆಯುವ ಮೊದಲೇ, ಅವರಿಗೆ ಗಾಯವೇನೂ ಇಲ್ಲದಿದ್ದರೂ, ಮಧ್ಯಂತರ ಬೆಲ್ಟ್‌ಗಾಗಿ, ಅಂದರೆ ಚಾಂಪಿಯನ್ ಸೆಣಸಲಾಗದಾಗ ನೀಡುವ ತಾತ್ಕಾಲಿಕ ಪಟ್ಟಕ್ಕಾಗಿ, ಬೇರೊಂದು ಪಂದ್ಯ ನಡೆದುಹೋಯಿತು. ಚಾಂಪಿಯನ್ ಆದವರ ಗುತ್ತಿಗೆ ತಾನಾಗಿ ಮುಂದುವರಿಯುವ ಷರತ್ತು ಇದ್ದುದರಿಂದ, 2022ರ ಜನವರಿಯಲ್ಲಿ ಗುತ್ತಿಗೆಯ ಕೊನೆಯ ಪಂದ್ಯ ಗೆದ್ದ ಎನ್‌ಗಾನು ಒಂದು ವರ್ಷ ಕಾದು, ಆರೋಗ್ಯ ವಿಮೆ ಮತ್ತು ಪ್ರಾಯೋಜಕರ ವಿಷಯದಲ್ಲಿ ಒಪ್ಪಂದವಾಗದೆ, ಬೆಲ್ಟ್ ಬಿಟ್ಟು ಹೊರನಡೆದರು. ಖಾಲಿಯಾದ ಪಟ್ಟವನ್ನು 2023ರ ಮಾರ್ಚ್‌ನಲ್ಲಿ ಜಾನ್ ಜೋನ್ಸ್ ಗೆದ್ದರು. ಅವರು ಗಾಯಗೊಂಡಾಗ, ಅದೇ ನವೆಂಬರ್‌ನಲ್ಲಿ ಆಸ್ಪಿನಾಲ್ 69 ಸೆಕೆಂಡಿನಲ್ಲಿ ಎದುರಾಳಿಯನ್ನು ಕೆಡವಿ ಮಧ್ಯಂತರ ಚಾಂಪಿಯನ್ ಆದರು. ಮಧ್ಯಂತರ ಬೆಲ್ಟ್ ಇರುವುದೇ ಮುಂದೆ ಇಬ್ಬರು ಚಾಂಪಿಯನ್ನರನ್ನು ಮುಖಾಮುಖಿ ಮಾಡಿಸಲಿಕ್ಕೆ. ಆ ಮುಖಾಮುಖಿ ನಡೆಯಲೇ ಇಲ್ಲ. ಜೋನ್ಸ್ 2024ರ ನವೆಂಬರ್‌ನಲ್ಲಿ ಮಾಜಿ ಚಾಂಪಿಯನ್ ಸ್ಟೀಪೆ ಮಿಯೊಚಿಚ್ ಜೊತೆ ಸೆಣಸಿ, 2025ರ ಜೂನ್‌ನಲ್ಲಿ ನಿವೃತ್ತಿ ಘೋಷಿಸಿದ ಮೇಲೆ, ಆಸ್ಪಿನಾಲ್‌ಗೆ ಪೂರ್ಣ ಪಟ್ಟ ಪಂದ್ಯವಿಲ್ಲದೆಯೇ ಬಂತು. ವರ್ಗದ ಅತ್ಯುತ್ತಮರಿಬ್ಬರು ಕಾದಾಡುವುದನ್ನು ಕಾಣಲು ಒಂದೂವರೆ ವರ್ಷ ಕಾದವರಿಗೆ ಇದು ನ್ಯಾಯವಲ್ಲ.

ಹಣದ ವಿಷಯ ಇನ್ನಷ್ಟು ಜಟಿಲ. ಪ್ರೊ ಕಬಡ್ಡಿಯಲ್ಲಿ ಆಟಗಾರನ ಬೆಲೆಯನ್ನು ಹರಾಜಿನಲ್ಲಿ ಎಲ್ಲರೆದುರು ಕೂಗಲಾಗುತ್ತದೆ. ಯುಎಫ್‌ಸಿಯಲ್ಲಿ ಗುತ್ತಿಗೆಯ ಮೊತ್ತ ಬಹುತೇಕ ಗುಟ್ಟು. ಹೋರಾಟಗಾರರು ನೌಕರರಲ್ಲ, ಸ್ವತಂತ್ರ ಗುತ್ತಿಗೆದಾರರು. ಸಾಮಾನ್ಯವಾಗಿ ಅಖಾಡಕ್ಕೆ ಇಳಿದದ್ದಕ್ಕೆ ಒಂದು ಮೊತ್ತ, ಗೆದ್ದರೆ ಅಷ್ಟೇ ಇನ್ನೊಂದು; ಮೂವರು ತೀರ್ಪುಗಾರರಲ್ಲಿ ಒಬ್ಬರು ಒಂದೇ ಒಂದು ಸುತ್ತನ್ನು ಬೇರೆ ರೀತಿ ಕಂಡರೆ ಅರ್ಧ ಸಂಪಾದನೆ ಹೋಗಬಹುದು. ತರಬೇತುದಾರರಿಗೆ, ಮ್ಯಾನೇಜರ್‌ಗೆ ಕೊಡಬೇಕಾದದ್ದು ಉಳಿದುದರಲ್ಲೇ.

2014ರ ಡಿಸೆಂಬರ್‌ನಲ್ಲಿ ಹೋರಾಟಗಾರ ಕಂಗ್ ಲಿ ಮತ್ತಿತರರು ಯುಎಫ್‌ಸಿಯ ಏಕಸ್ವಾಮ್ಯದ ವಿರುದ್ಧ ಮೊಕದ್ದಮೆ ಹೂಡಿದರು. ಆದಾಯದಲ್ಲಿ ಹೋರಾಟಗಾರರಿಗೆ ಸಿಗುತ್ತಿದ್ದದ್ದು ಐದನೇ ಒಂದು ಭಾಗದಷ್ಟೇ ಎಂಬುದು ಅವರ ವಾದವಾಗಿತ್ತು. ಬ್ಯಾಸ್ಕೆಟ್‌ಬಾಲ್‌ನಂಥ ಲೀಗ್‌ಗಳಲ್ಲಿ ಅದು ಸರಿಸುಮಾರು ಅರ್ಧ. 33.5 ಕೋಟಿ ಡಾಲರಿನ ರಾಜಿಯನ್ನು 2024ರ ಜುಲೈನಲ್ಲಿ ನ್ಯಾಯಾಧೀಶರು ತಿರಸ್ಕರಿಸಿದರು, 37.5 ಕೋಟಿಯದು 2025ರಲ್ಲಿ ಅಂತಿಮವಾಯಿತು. ಅದೇ ಆಗಸ್ಟ್‌ನಲ್ಲಿ ಏಳು ವರ್ಷಗಳ ಪ್ರಸಾರ ಹಕ್ಕು 770 ಕೋಟಿ ಡಾಲರಿಗೆ ಅಮೆರಿಕದ ಮಾಧ್ಯಮ ಸಂಸ್ಥೆ ಪ್ಯಾರಾಮೌಂಟ್ ಪಾಲಾಯಿತು. ರಾಜಿಯಿಂದ ಹಳೆಯ ಹೋರಾಟಗಾರರಿಗೆ ಪರಿಹಾರ ದೊರೆತರೂ ಗುತ್ತಿಗೆಯ ಷರತ್ತುಗಳು ಬದಲಾಗಲಿಲ್ಲ. 2017ರ ಜುಲೈ ನಂತರ ಸೆಣಸಿದವರ ಪರವಾಗಿ 2021ರಲ್ಲಿ ಹೂಡಿದ ಎರಡನೆಯ ಮೊಕದ್ದಮೆ ಮೊದಲನೆಯದರ ಜೊತೆ ಮುಗಿಯದೆ ಪ್ರತ್ಯೇಕವಾಗಿ ಉಳಿಯಿತು. ಭಾರತದ ಅಂಶುಲ್ ಜುಬ್ಲಿ, ಪೂಜಾ ತೋಮರ್ ಅಖಾಡಕ್ಕೆ ಇಳಿದದ್ದೂ ಈ ಅವಧಿಯಲ್ಲೇ.