ನಿನ್ನೆವರೆಗೂ ಜೊತೇಲಿ ಪ್ಲೇಟ್ ಎತ್ತಿದವರು ಇವತ್ತು ನನ್ ಮಾತು ಕೇಳ್ತಿಲ್ಲ, ಏನ್ ಮಾಡ್ಲಿ?

ವೇಟರ್ ಆಗಿದ್ದು ರೆಸ್ಟೋರೆಂಟ್ ಮ್ಯಾನೇಜರ್ ಆದವರೆಲ್ಲ ಹೆಚ್ಚುಕಮ್ಮಿ ಇದನ್ನೇ ಕೇಳ್ತಾರೆ.

ಕೆಲಸ ಚೆನ್ನಾಗಿ ಬರುತ್ತೆ ಅಂತಾನೇ ನಿಮ್ಮನ್ನ ಮೇಲೆ ತಂದಿರೋದು, ತೊಂದರೆ ಶುರುವಾಗೋದೂ ಅಲ್ಲಿಂದಲೇ. ಸ್ವಲ್ಪ ರಶ್ ಆಯ್ತು ಅಂದ್ರೆ ಸಾಕು ನೀವೇ ಓಡಿಹೋಗಿ ಆರ್ಡರ್ ತಗೊಳ್ತೀರ, ಟೇಬಲ್ ಒರೆಸ್ತೀರ, ಬಿಲ್ಲೂ ಕೊಡ್ತೀರ, ಆಗ ಇಡೀ ಹಾಲ್ ಮೇಲೆ ಕಣ್ಣಿಡೋರು ಯಾರೂ ಇರಲ್ಲ, ಸ್ಟಾಫಿಗೂ "ಬಿಡು, ಅವರೇ ಮಾಡ್ಕೋತಾರೆ" ಅನ್ನೋದು ಅಭ್ಯಾಸ ಆಗಿಬಿಡುತ್ತೆ.

ಇನ್ನು ಬೈಯೋ ವಿಷಯ. ಪ್ಲೇಟ್ ತಪ್ಪು ಟೇಬಲ್‌ಗೆ ಹೋಯ್ತು ಅಂದ್ಕೊಳ್ಳಿ, ಆ ಹೊತ್ತಿಗೆ ಅದು ಸರಿಯಾದ ಟೇಬಲ್ ಸೇರಿದ್ರೆ ಸಾಕು. ಶಿಫ್ಟ್ ಮುಗಿದ ಮೇಲೆ ಒಬ್ಬರನ್ನೇ ಕರೆದು "ಏನಾಯ್ತು?" ಅಂತ ಮೊದಲು ಕೇಳಿ. ಎಷ್ಟೋ ಸಲ ಕಾರಣ ಬೇರೆ ಏನೋ ಇರುತ್ತೆ, ಎರಡು ಆರ್ಡರ್ ಚೀಟಿ ಅಂಟ್ಕೊಂಡಿರುತ್ತೆ, ಇಲ್ಲಾ ಹೊಸಬರಿಗೆ ದೊಡ್ಡ ಸೆಕ್ಷನ್ (ಒಬ್ಬರು ನೋಡ್ಕೊಳ್ಳೋ ಟೇಬಲ್‌ಗಳು) ಹಾಕಿದ್ದು ನೀವೇ ಆಗಿರ್ತೀರ! ಕಿಚನ್ ಅಂದ್ಮೇಲೆ ಕಿರುಚಾಟ ಇದ್ದಿದ್ದೇ ಅನ್ನೋರು ಒಂದು ನೆನಪಿಟ್ಕೊಳ್ಳಿ, ಅಡುಗೆಮನೇಲಿ ಒಬ್ಬೊಬ್ಬರಿಗೆ ಒಂದೊಂದು ಕೆಲಸ ಹಂಚೋ ಬ್ರಿಗೇಡ್ ಪದ್ಧತಿ ರೂಪಿಸಿದ ಫ್ರೆಂಚ್ ಶೆಫ್ ಆಗಸ್ಟ್ ಎಸ್ಕಾಫಿಯೆ 1870ರ ಫ್ರಾನ್ಸ್-ಪ್ರಷ್ಯಾ ಯುದ್ಧದಲ್ಲಿ ಫ್ರೆಂಚ್ ಸೈನ್ಯಕ್ಕೆ ಅಡುಗೆ ಮಾಡಿದವರು, ಆದ್ರೂ ತಮ್ಮ ಕಿಚನ್‌ನಲ್ಲಿ ಕೂಗಾಟ, ಬೈಗುಳ ಬೇಡ ಅಂತಿದ್ರು.

ಆದ್ರೆ ನನ್ ಪ್ರಕಾರ ಜನ ನಿಮ್ಮನ್ನ ಅಳೆಯೋದು ಮಾತಲ್ಲಲ್ಲ, ರೋಸ್ಟರ್‌ನಲ್ಲಿ, ಅಂದ್ರೆ ಯಾರಿಗೆ ಯಾವ ದಿನ ಯಾವ ಶಿಫ್ಟ್ ಅನ್ನೋ ಪಟ್ಟಿಯಲ್ಲಿ. ಹಳೇ ಫ್ರೆಂಡ್‌ಗೆ ಪ್ರತಿ ವಾರ ಬೇಕಾದ ದಿನಾನೇ ರಜೆ, ಇನ್ನೊಬ್ಬರಿಗೆ ಕ್ಲೋಸಿಂಗ್ ಮೇಲೆ ಕ್ಲೋಸಿಂಗ್, ಅದೂ ಸಾಲದು ಅಂತ ಬೆಳಿಗ್ಗೆ ಎದ್ದು ಓಪನಿಂಗ್‌ಗೂ ಬರ್ಬೇಕು ಅಂದ್ರೆ ನೀವು ಎಷ್ಟು ನಗುನಗ್ತಾ ಮಾತಾಡಿದ್ರೂ ಪ್ರಯೋಜನ ಇಲ್ಲ. ರೋಸ್ಟರ್ ಒಂದು ವಾರ ಮೊದಲೇ ಹಾಕಿ, ಕಷ್ಟದ ಶಿಫ್ಟ್ ಎಲ್ಲರಿಗೂ ಸರದಿ ಪ್ರಕಾರ ಬರ್ಲಿ, ನಿಮಗೂ ಸೇರಿಸಿ.

ಶಿಫ್ಟ್‌ಗೆ ಮುಂಚೆ ಹತ್ತು ನಿಮಿಷ ಬ್ರೀಫಿಂಗ್ ಸಾಕು: ಯಾರ್ಗೆ ಯಾವ ಸೆಕ್ಷನ್, ಯಾವ ಐಟಂ ಖಾಲಿ, ಎಷ್ಟು ಬುಕಿಂಗ್. ಭಾಷಣ ಬೇಡ.

ಗಿರಾಕಿ ಸ್ಟಾಫ್ ಮೇಲೆ ಕೂಗಾಡ್ತಿದ್ರೆ ಮಾತ್ರ ತಡಮಾಡ್ದೆ ಹೋಗಿ ನಡುವೆ ನಿಂತ್ಕೊಳ್ಳಿ, "ನನ್ ಹತ್ರ ಹೇಳಿ" ಅನ್ನಿ. ತಪ್ಪು ಸ್ಟಾಫ್‌ದೇ ಇದ್ರೂ ಅದನ್ನ ಆಮೇಲೆ ಒಳಗೆ ಕರೆದು ಹೇಳಿ.

ಇಷ್ಟೆಲ್ಲ ಮಾಡಿದ್ರೂ ದಾರಿಗೆ ಬರದವರು ಒಬ್ರು ಇರಬಹುದು. ಎರಡು ಮೂರು ಸಲ ಕೂತು ಮಾತಾಡಿ, ಏನ್ ಮಾತಾಡಿದ್ರಿ ಅಂತ ಡೇಟ್ ಸಮೇತ ಬರೆದಿಟ್ಟು ಮಾಲೀಕರಿಗೆ ತೋರಿಸಿ. ಫ್ರೆಂಡ್ ಅಂತ ಬಿಟ್ಟುಬಿಟ್ರೆ ಅವರ ಪಾಲಿನ ಟೇಬಲ್ ನೋಡ್ಕೋತಿರೋ ಉಳಿದವರು ಮೊದಲು ಕೆಲಸ ಬಿಟ್ಟು ಹೋಗ್ತಾರೆ.